ಮೈಲಿಗೆಯ ಮಾವ

ವಿಮಾನವನ್ನೇ ಹತ್ತದೆ ಅತಿ ಹೆಚ್ಚು ಹಾರಿದ ಮನುಷ್ಯ ಯಾರು ಎಂದು ಯಾರಾದರೂ ಸ್ಪರ್ಧೆ ಇಟ್ಟರೆ ಮೊದಲ ಬಹುಮಾನ ನಮ್ಮ ಮಾವನಿಗೆ. ಎರಡನೆಯದೂ ಅವರಿಗೇ! ಮಾವ ಎಂದರೆ ನನ್ನ ಅಮ್ಮನ ತಮ್ಮ. ಉಡುಪಿ ಕಡೆಯಿಂದ ಬಂದು ವಿಲೆ ಪಾರ್ಲೆಯಲ್ಲಿ ನೆಲೆಸಿದವರು. ಅವರ ಬಿಲ್ಡಿಂಗಿನ ನೆತ್ತಿಯ ಮೇಲೇ ವಿಮಾನಗಳು ಹಾದುಹೋಗುವುದರಿಂದ ಆ ಮನೆಯಲ್ಲಿ ಯಾರ ಮಾತೂ ಒಂದೇ ಉಸಿರಿಗೆ ಮುಗಿಯುವುದಿಲ್ಲ. ಅತ್ತೆ "ಊಟಕ್ಕೆ..." ಎಂದು ಶುರು ಮಾಡಿದರೆ, ವಿಮಾನ ಹೋದ ಮೇಲೆ "...ಬನ್ನಿ" ಬರುತ್ತದೆ. ಇಷ್ಟು ಹತ್ತಿರದ ವಿಮಾನವನ್ನು ಇಬ್ಬರೂ ಒಮ್ಮೆಯೂ ಹತ್ತಿರಲಿಲ್ಲ.

ಕಳೆದ ವರ್ಷ ಅತ್ತೆಯನ್ನು ಊರಿಗೆ ಕರೆದುಕೊಂಡು ಹೋಗಿ ಬಂದದ್ದೇ ತಡ, ಮಾವನಿಗೆ ಮೈಲಿಯ ಹುಚ್ಚು ಹಿಡಿಯಿತು. ಬ್ಯಾಂಕಿನವರು ಒಂದು ಕಾರ್ಡು ಕೊಟ್ಟಿದ್ದರು. ಅದನ್ನು ಉಜ್ಜಿದಷ್ಟೂ ವಿಮಾನದ ಮೈಲಿ ಜಮೆಯಾಗುತ್ತದೆ. ಸಾಕಷ್ಟು ಸೇರಿದರೆ ಮಂಗಳೂರಿಗೆ ಪುಕ್ಕಟೆ ಟಿಕೆಟ್. ದೀಪಾವಳಿಯೊಳಗೆ ಸೇರದಿದ್ದರೆ ಕೂಡಿಟ್ಟದ್ದೂ ಗೋತಾ.

ಗ್ರಾಂಟ್ ರೋಡಿನ ಹೋಟೆಲಿಗೆ ನಾವೆಲ್ಲ ದೋಸೆ ತಿನ್ನಲು ಹೋದಾಗ ಬಿಲ್ಲಿಗೆ ಮಾವನೇ ಕೈ ಹಾಕಿದರು. ಅಬ್ಬಾ, ಎಂಥ ಧಾರಾಳಿ ಎಂದು ನಾವು ಕಣ್ಣರಳಿಸುವಷ್ಟರಲ್ಲಿ ಒಬ್ಬೊಬ್ಬರ ಮುಂದೆಯೂ ಅಂಗೈ ಚಾಚಿದರು. "ಕ್ಯಾಶ್ ನನಗೆ ಕೊಡಿ. ದೋಸೆ ನಿಮ್ಮದು, ಮೈಲಿ ನನ್ನದು." ಪಕ್ಕದ ಟೇಬಲಿನ ಅಪರಿಚಿತನನ್ನೂ ಬಿಡಲಿಲ್ಲ. "ಭಾಯಿಸಾಬ್, ಸ್ಕೀಮ್ ಕ್ಯಾ ಹೈ?" ಎನ್ನುತ್ತ ಆತ ಪಾಕೀಟನ್ನು ಗಟ್ಟಿಯಾಗಿ ಹಿಡಿದುಕೊಂಡ.

ವಿಮಾನದವರು ಫೋನಿನಲ್ಲಿ ಪ್ರಶ್ನೆ ಕೇಳುವುದೂ ಉಂಟು. ಉತ್ತರಿಸಿದರೆ ಅದಕ್ಕೂ ಒಂದಿಷ್ಟು ಮೈಲಿ. ನಿಮಗೆ ಯಾವ ಸೀಟು ಇಷ್ಟ ಎಂದು ಕೇಳಿದರಂತೆ. ಜನ್ಮವಿಡೀ ಲೋಕಲ್ ರೈಲಿನಲ್ಲಿ ಓಡಾಡಿದ ಮನುಷ್ಯ ಏನು ಹೇಳಬೇಕು? ಬಾಗಿಲಲ್ಲಿ ನಿಲ್ಲಲು ಬಿಟ್ಟರೆ ಸಾಕು, ಗಾಳಿ ಚೆನ್ನಾಗಿ ಬರುತ್ತದೆ ಎಂದರಂತೆ!

ಇನ್ನು ಅತ್ತೆಯದು ಮೈಲಿಯಲ್ಲ, ಮಡಿ. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ತಾಯಿಯ ಶ್ರಾದ್ಧಕ್ಕೆ ಊರಿಗೆ ಹೋಗುತ್ತಾರೆ. ರೈಲು ಹತ್ತಿದರೆ ಮೈಲಿಗೆ. ತವರಿನಲ್ಲಿ ಇಳಿದು ಸ್ನಾನ ಮಾಡುವವರೆಗೆ ತೊಟ್ಟು ನೀರೂ ಬಾಯಿಗೆ ಹಾಕುವುದಿಲ್ಲ. ಎದುರು ಸೀಟಿನ ಮಾವನೋ, ಸ್ಟೇಷನ್ ಬಂದಲ್ಲೆಲ್ಲ ಇಳಿದು ವಡಾಪಾವ್ ತಿಂದು ಚಹಾ ಕುಡಿಯುವವರು. "ನಿಮ್ಮ ಪಾಲಿನ ಮಡಿಯನ್ನೂ ನಾನೇ ಮಾಡ್ತೇನೆ ಬಿಡಿ" ಎನ್ನುತ್ತಾರೆ ಅತ್ತೆ.

ಅಂಥ ಅತ್ತೆಗೆ ಪೂಜೆಗೆಂದು ಬೆಳ್ಳಿಯ ಪಂಚಪಾತ್ರೆ ಬೇಕಾಯಿತು. ಪಾರ್ಲೆಯಲ್ಲಿ ನಮ್ಮೂರಿನವರದೇ ಅಂಗಡಿ. ಮಾವ ಕಾರ್ಡು ಹೊರಗೆ ತೆಗೆದು ಕೇಳಿದರು, "ಇದು ಮೈಲಿಗೆ ಆಗ್ತದಾ?"

ಅಂಗಡಿಯವರು ಕೆನ್ನೆ ಬಡಿದುಕೊಂಡರು. "ಎಂತ ಹೇಳ್ತೀರಿ ರಾಯರೇ, ಬೆಳ್ಳಿಗೆ ಎಲ್ಲಿಯ ಮೈಲಿಗೆ?"

"ಸ್ವಲ್ಪವೂ ಇಲ್ವಾ?"

"ಖಂಡಿತ ಇಲ್ಲ."

"ಹಾಗಾದ್ರೆ ಬೇಡ. ಮೈಲಿಗೆ ಆಗುವಂಥದ್ದು ಇದ್ರೆ ತೋರಿಸಿ."

ಅತ್ತೆ ಅವರ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದರು. ಆ ಅಂಗಡಿಯವರು ಈಗಲೂ ನನ್ನನ್ನು ಕಂಡರೆ "ಮಾವ ಆರೋಗ್ಯವಾ?" ಎಂದು ತಗ್ಗಿದ ದನಿಯಲ್ಲಿ ವಿಚಾರಿಸುತ್ತಾರೆ.

ದೀಪಾವಳಿ ಹತ್ತಿರ ಬಂತು, ಮೈಲಿ ಮಾತ್ರ ಸೇರಲಿಲ್ಲ. ಮಾವ ಊಟದಲ್ಲಿ ಕೂತೂ ಫೋನನ್ನೇ ನೋಡುತ್ತಿದ್ದರು. ನನಗೆ ನೋಡಲಾಗದೆ, ಆಂಟಾಪ್ ಹಿಲ್ಲಿನ ನನ್ನ ಮನೆಗೆ ಅವರ ಕಾರ್ಡಿನಲ್ಲೇ ಹೊಸ ಫ್ರಿಜ್ ತರಿಸಿದೆ. ಹಳೆಯದಕ್ಕೆ ಏನೂ ಆಗಿರಲಿಲ್ಲ! ಅದರೊಂದಿಗೆ ಲೆಕ್ಕ ತುಂಬಿತು. ಮಾವ ಫೋನ್ ಮಾಡಿದರು.

"ಆಯ್ತು ಮಾರಾಯ, ಟಿಕೆಟ್ ಬಂತು."

"ಯಾವತ್ತು ಹಾರ್ತೀರಿ ಮಾವ?"

"ನಾನಾ? ನನಗೆ ಎಂತಕ್ಕೆ ವಿಮಾನ? ಬಂದದ್ದು ಒಂದೇ ಟಿಕೆಟ್, ಅದು ಅವಳ ಹೆಸರಿಗೆ. ಬೆಳಿಗ್ಗೆ ಮಡಿಯಲ್ಲಿ ತಿಂದು ಹೊರಟರೆ ಮಧ್ಯಾಹ್ನದ ಊಟ ತವರಿನಲ್ಲಿ. ನಾನು ಮುಂಚಿನ ದಿನವೇ ರೈಲಿನಲ್ಲಿ ಹೋಗಿ ಏರ್‌ಪೋರ್ಟಿನ ಹೊರಗೆ ನಿಂತಿರ್ತೇನೆ." ಸ್ವಲ್ಪ ತಡೆದು ಹೇಳಿದರು, "ಹೋದ ವರ್ಷ ಉಡುಪಿ ಸ್ಟೇಷನ್ನಿನಲ್ಲಿ ಅವಳು..."

ವಿಮಾನ ಬಂತು. ನಾನು ಕಾದೆ.

"...ತಲೆ ತಿರುಗಿ ಬಿದ್ದಳು. ನನ್ನ ಕೈಯಲ್ಲಿ ಆಗಲೂ ಚಹಾದ ಕಪ್ಪಿತ್ತು, ಗೊತ್ತುಂಟಾ?"

ವರ್ಷವಿಡೀ ನಾನು ಅವರ ಮೈಲಿಗೆ ನಕ್ಕಿದ್ದೆ.

ಮೊನ್ನೆ ತವರಿನಿಂದ ಅತ್ತೆ ಫೋನ್ ಮಾಡಿದ್ದರು. "ಬಾಯಿ ಒಣಗುವ ಮೊದಲೇ ಊರು ಬಂತು ಮಗಾ. ಹೊರಗೆ ಬಂದು ನೋಡಿದ್ರೆ ನಿನ್ನ ಮಾವನೇ ಬಾಡಿ ನಿಂತಿದ್ದಾರೆ. ರೈಲಿನಲ್ಲಿ ಒಂದು ತೊಟ್ಟು ನೀರೂ ಮುಟ್ಟಲಿಲ್ಲವಂತೆ."

"ಅವರು ಯಾಕೆ ಅತ್ತೆ?"

"ನಾನೂ ಅದನ್ನೇ ಕೇಳಿದೆ. ಅದಕ್ಕೆ ಅವರು, ಇಷ್ಟು ವರ್ಷ ನಿನಗೆ ಹೇಗಾಗ್ತಿತ್ತು ಅಂತ..."

ಅತ್ತೆಯ ಮಾತು ಅಲ್ಲಿಗೇ ನಿಂತಿತು. ಆ ತವರುಮನೆಯ ಮೇಲೆ ವಿಮಾನ ಹೋಗುವುದಿಲ್ಲ.