ಹುಳದ ಡಾಕ್ಟ್ರಮ್ಮನ ಪ್ರಯಾಣ ಭತ್ಯೆ

ಈ ಭೂಮಂಡಲದಲ್ಲಿ ಅತ್ಯಂತ ಸುಲಭವಾದ ಕೆಲಸ ಯಾವುದು ಎಂದು ಹೋದ ವರ್ಷ ಯಾರಾದರೂ ಕೇಳಿದ್ದರೆ, ನಮ್ಮೂರಿನವರ ಮುಂದೆ ಐದು ನಿಮಿಷ ಕನ್ನಡದಲ್ಲಿ ಮಾತಾಡುವುದು ಎಂದು ಕಣ್ಣು ಮುಚ್ಚಿ ಹೇಳಿಬಿಡುತ್ತಿದ್ದೆ. ಕನ್ನಡ ನನಗೆ ಬರುತ್ತದೆ. ಊರಿನವರು ಗೊತ್ತು. ಐದು ನಿಮಿಷ ಎಂದರೆ ಎಷ್ಟು ಹೊತ್ತು ಎಂಬುದೂ ಗೊತ್ತು. ಇನ್ನೇನು ಬೇಕು!

ನನ್ನ ತವರು ಚನ್ನಪಟ್ಟಣ. ಮದುವೆಯಾಗಿ ಬಂದದ್ದು ಸಾತನೂರಿನ ಪಕ್ಕದ ಹಳ್ಳಿಗೆ. ಪರಿಸರ ವಿಜ್ಞಾನದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ವಿಷಯ, ಸಗಣಿ ಹುಳ. ಹಸು ಸಗಣಿ ಹಾಕಿದ ಸ್ವಲ್ಪ ಹೊತ್ತಿಗೆಲ್ಲ ಎಲ್ಲಿಂದಲೋ ಬಂದು, ಉಂಡೆ ಕಟ್ಟಿ, ಹಿಂಗಾಲಲ್ಲಿ ಉರುಳಿಸಿಕೊಂಡು ಹೋಗಿ ಮಣ್ಣಲ್ಲಿ ಹೂಳುವ ಕರಿ ಹುಳವಿದೆಯಲ್ಲ, ಅದೇ. ಹಸುವಿಗೆ ಜಂತಿನ ಔಷಧಿ ಕೊಟ್ಟರೆ ಆ ಸಗಣಿಗೆ ಬಂದ ಹುಳದ ಗತಿ ಏನಾಗುತ್ತದೆ ಎಂದು ಹೊಲದ ಬದುವಿನಲ್ಲಿ ಕೂತು ನೋಡುವುದು ನನ್ನ ಸಂಶೋಧನೆ. ನಗಬೇಡಿ. ಇದಕ್ಕಾಗಿ ಬಿಸಿಲಲ್ಲಿ ನಾನು ಎಷ್ಟು ಕಪ್ಪಾಗಿದ್ದೇನೆ ಎಂದರೆ ತವರಿಗೆ ಹೋದಾಗ ಅಮ್ಮ ಗಂಡನ ಮನೆಯವರನ್ನು ಅನುಮಾನಿಸುತ್ತಾಳೆ.

ಈ ಹುಳದ ಬಗ್ಗೆ ಮಾತಾಡಲು ಶಿಲ್ಲಾಂಗಿನ ಒಂದು ಸಮ್ಮೇಳನದಿಂದ ನನಗೆ ಕರೆ ಬಂತು. ಎಲ್ಲಾದರೂ ಒಂದು ಸಮ್ಮೇಳನದಲ್ಲಿ ಮಾತಾಡಿ ಸರ್ಟಿಫಿಕೇಟು ತರದೆ ಥೀಸಿಸ್ ಸಲ್ಲಿಸುವಂತಿಲ್ಲ ಎಂಬುದು ನಮ್ಮಲ್ಲಿಯ ನಿಯಮ. ಹಾಗಾಗಿ ಕುಣಿದಾಡಿಕೊಂಡು ಗೈಡ್ ಹತ್ತಿರ ಓಡಿದೆ.

“ತುಂಬಾ ಸಂತೋಷಮ್ಮ,” ಅಂದರು ಗೈಡು. “ಏನು ಬೇಕಾದ್ರೂ ಕೇಳು, ದುಡ್ಡು ಮಾತ್ರ ಕೇಳ್ಬೇಡ.”

ನನಗೆ ಬೇಕಾಗಿದ್ದುದು ದುಡ್ಡು ಮಾತ್ರ! ಶಿಲ್ಲಾಂಗಿಗೆ ಸಾತನೂರಿನಿಂದ ಸರ್ಕಾರಿ ಬಸ್ಸಿಲ್ಲವಲ್ಲ.

ಹುಡುಕಿ ಹುಡುಕಿ ಕೊನೆಗೆ ಒಂದು ಸಂಸ್ಥೆ ಸಿಕ್ಕಿತು. ಪರಿಸರದ ಮೇಲೆ ಸಂಶೋಧನೆ ಮಾಡುವ ಬಡಪಾಯಿಗಳು ಸಮ್ಮೇಳನಕ್ಕೆ ಹೋಗಿಬರಲು ಪ್ರಯಾಣದ ಖರ್ಚು ಕೊಡುವ ಪುಣ್ಯಾತ್ಮರು. ಅವರದು ಒಂದೇ ಷರತ್ತು. ಸಂಶೋಧನೆ ನಡೆದ ಊರಿನ ಜನರಿಗೆ ಅವರದೇ ಭಾಷೆಯಲ್ಲಿ ಅದನ್ನು ವಿವರಿಸಬೇಕು. ಅದರ ಐದು ನಿಮಿಷದ ವಿಡಿಯೋ ಕಳಿಸಬೇಕು. ವಿಡಿಯೋವನ್ನು ಎಲ್ಲಿಯೂ ಕತ್ತರಿಸುವಂತಿಲ್ಲ, ಅಂಟಿಸುವಂತಿಲ್ಲ. ಕೊನೆಯ ದಿನಾಂಕ ಬರುವ ಭಾನುವಾರ.

“ಇಷ್ಟೇನಾ!” ಅಂದೆ ನನ್ನ ಗಂಡನಿಗೆ.

“ಇಷ್ಟೇ ಕಣೇ! ಅವ್ವನಿಗೆ ಹೇಳು, ಜನ ಸೇರಿಸ್ತಾಳೆ,” ಅಂದರು. ಶಿವರಾಜು ನನ್ನ ಗಂಡ. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ. ಶಿಫ್ಟ್ ಮುಗಿಸಿ ಬಂದರೆ ಯಾವುದಕ್ಕೂ ಎರಡು ಮಾತು ಆಡುವ ಜಾಯಮಾನವಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಮದುವೆಯಾದ ಹೊಸದರಲ್ಲಿ ನಮ್ಮತ್ತೆ ಜಯಮ್ಮನವರು “ನೀನು ಏನ್ ಓದ್ತಿರಾದಮ್ಮಿ?” ಎಂದು ಕೇಳಿದ್ದರು. ನಾನು ಬಾಯಿ ತೆರೆಯುವುದರೊಳಗೆ ಈ ಮಹಾನುಭಾವರು “ಹುಳದ ಮೇಲೆ ಕಣವ್ವ” ಅಂದುಬಿಟ್ಟಿದ್ದರು. ಆಮೇಲೆ ನನ್ನನ್ನು ಒಳಗೆ ಕರೆದು, “ಬಂದ ಹೊಸದರಲ್ಲೇ ಸಗಣಿ ಅನ್ನೋ ಮಾತು ಯಾಕೆ? ಹುಳ ಅಂದರೆ ಸಾಕು” ಎಂದು ಬುದ್ಧಿ ಹೇಳಿದ್ದರು. ಗಂಡ ಎಷ್ಟು ಸೂಕ್ಷ್ಮ ಎಂದು ನಾನು ಹೆಮ್ಮೆಪಟ್ಟೆ. ಹೆಮ್ಮೆಪಟ್ಟೆನಲ್ಲ, ನನ್ನ ತಲೆಗಿಷ್ಟು!

ಅತ್ತೆ ಡೈರಿಗೆ ಹಾಲು ಹಾಕಲು ಹೋದಾಗ ಸೆಕ್ರೆಟ್ರಿ ನಂಜೇಗೌಡರ ಕಿವಿಗೆ ಸುದ್ದಿ ಹಾಕಿದರು. ನಂಜೇಗೌಡರಿಗೆ ಮೈಕು ಎಂದರೆ ಪ್ರಾಣ. ಮೂರು ದಿನ ಹೊತ್ತಾರೆ ಸಾಯಂಕಾಲ ಊರಿಗೆಲ್ಲ ಕೇಳುವಂತೆ ಕೂಗಿದರು: “ಭಾನುವಾರ ಹಾಲು ಹಾಕಾದು ಮುಗುದ್ಮೇಲೆ ಯಾರೂ ಮನೆಗೆ ಹೋಗ್‌ಬ್ಯಾಡಿ. ನಮ್ ಜಯಮ್ಮನೋರ ಸೊಸೆ, ಹುಳದ ಡಾಕ್ಟ್ರಮ್ಮ, ಹುಳದ ಬಗ್ಗೆ ಮಾತಾಡ್ತಾರೆ!”

ಸಗಣಿ ಹುಳಕ್ಕೆ ಇಷ್ಟು ಮರ್ಯಾದೆಯೇ ಎಂದು ನನಗೆ ಕಣ್ಣಲ್ಲಿ ನೀರು ಬಂತು. ಹಾಳೆಯ ಮೇಲೆ ದೊಡ್ಡ ದೊಡ್ಡ ಚಿತ್ರ ಬರೆದು ಚಾರ್ಟ್ ಮಾಡಿದೆ. ಜಂತಿನ ಔಷಧಿ ಕುಡಿಯುವ ಒಂದು ಹಸು, ಎರಡು ಬಕೆಟ್ಟು, ಉಂಡೆ ಉರುಳಿಸುವ ಹುಳ, ಸತ್ತ ಹುಳ, ಒಣಗಿ ಕೂತ ಸಗಣಿ, ಹುಲ್ಲಿಲ್ಲದ ನೆಲ. ತೋರಿಸಲು ಇರಲಿ ಎಂದು ಸ್ಟೀಲ್ ಡಬ್ಬಿಯಲ್ಲಿ ಒಂದು ಹಿಡಿ ಜೀವಂತ ಹುಳಗಳನ್ನೂ ಇಟ್ಟುಕೊಂಡೆ.

ಭಾನುವಾರ ಡೈರಿ ಮುಂದೆ ಹತ್ತು ಜನ ಬಂದಾರು ಎಂದುಕೊಂಡಿದ್ದೆ. ಕಾಲಿಡಲು ಜಾಗವಿರಲಿಲ್ಲ! ಉಯ್ಯಂಬಳ್ಳಿಯಿಂದ ಬಸ್ಸು ಹಿಡಿದು ಬಂದವರೂ ಇದ್ದರು. ಅತ್ತೆ ರೇಷ್ಮೆ ಸೀರೆ ಉಟ್ಟು ಮುಂದಿನ ಕುರ್ಚಿಯಲ್ಲಿ ಕೂತು, ಹಿಂದೆ ತಿರುಗಿ ತಿರುಗಿ ಎಲ್ಲರನ್ನೂ ನೋಡುತ್ತಿದ್ದರು. ನನ್ನ ಗಂಡ ಎದುರಿಗೆ ಮೊಬೈಲ್ ಹಿಡಿದು ನಿಂತರು.

“ಏನೇ ಆದರೂ ನಿಲ್ಲಿಸಬೇಡಿ ರೀ,” ಅಂದೆ. “ನಿಂತರೆ ವಿಡಿಯೋ ತಗೊಳ್ಳಲ್ಲ.”

“ಏನೇ ಆದ್ರೂ ನಿಲ್ಸಲ್ಲ,” ಅಂದರು. ಮದುವೆಯಾದ ಮೇಲೆ ಅವರು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದು ಅದೇ ಮೊದಲು, ಅದೇ ಕೊನೆ.

ಗಂಟಲು ಸರಿಮಾಡಿಕೊಂಡು “ಎಲ್ಲರಿಗೂ ನಮಸ್ಕಾರ” ಅಂದೆ. ಅಷ್ಟರಲ್ಲಿ ಪಕ್ಕದ ಮನೆಯ ಮರಿಯಪ್ಪಣ್ಣ ಎದ್ದು ಬಂದು, ನನ್ನ ಮುಂದೆ ಒಂದು ಮೊರ ಇಟ್ಟರು. ಮೊರದ ತುಂಬ ಬಿಳಿಚಿಕೊಂಡ ರೇಷ್ಮೆ ಹುಳಗಳು!

“ಒಸಿ ನೋಡವ್ವ. ಮೂರನೇ ಜ್ವರ ಎದ್ದು ಪೊರೆ ಬಿಟ್ಟಾಗಿಂದ ಸೊಪ್ಪೇ ಮುಟ್ತಿಲ್ಲ. ಇದು ಸಪ್ಪೆ ರೋಗವಾ, ಹಾಲುತೊಂಡೆಯಾ?”

ಹಿಂದೆ ನೋಡುತ್ತೇನೆ, ಸಾಲಾಗಿ ಮೊರಗಳು. ಆಗ ನನಗೆ ಜ್ಞಾನೋದಯವಾಯಿತು. ನಮ್ಮ ಸೀಮೆಯಲ್ಲಿ ಹುಳ ಎಂದರೆ ಒಂದೇ ಹುಳ. ಹುಳ ಸಾಕುತ್ತಾರೆ, ಹುಳಕ್ಕೆ ಸೊಪ್ಪು ಹಾಕುತ್ತಾರೆ, ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಾಯಿತು ಎಂದರೆ ಮದುವೆಯೂಟ ಬಿಟ್ಟು ಎದ್ದು ಬರುತ್ತಾರೆ. ಉಳಿದವೆಲ್ಲ ಕ್ರಿಮಿಕೀಟ. ಈ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ನನಗೆ ಇದು ಹೊಳೆಯಬೇಕಿತ್ತು. ಪಿಎಚ್‌.ಡಿ. ಮಾಡುವವರಿಗೆ ಇಂಥವು ಹೊಳೆಯುವುದಿಲ್ಲ. ಅತ್ತೆಯಾದರೂ ಮನೆಯ ಹುಳದ ಬಗ್ಗೆ ನನ್ನನ್ನು ಒಂದು ದಿನ ಒಂದು ಮಾತು ಕೇಳಿದ್ದರೆ ಗುಟ್ಟು ರಟ್ಟಾಗುತ್ತಿತ್ತು. ಆದರೆ ಸೊಸೆಯನ್ನು ಕೇಳುವುದೆಂದರೆ ಏನು! ಪ್ರಾಣ ಹೋದರೂ ಕೇಳುವವರಲ್ಲ.

ಏನೋ ಹೇಳಬೇಕಲ್ಲ. ಬಾಯಿ ತೆರೆದೆ. ಮೈಕು ಕೈಕೊಟ್ಟಿತು. ನಾನು ಆಡಿದ ಅಷ್ಟುದ್ದದ ವಾಕ್ಯದಲ್ಲಿ ಜನಕ್ಕೆ ಕೇಳಿಸಿದ್ದು ಒಂದೇ ಪದ.

“ಸಗಣಿಯಂತೆ!” ಎಂದಿತು ಒಂದು ಧ್ವನಿ.

“ಏನ್ಲಾ ಸಗಣಿ?”

“ಹುಳಕ್ಕೆ ಸಗಣಿ ಹಾಕ್ಬೇಕಂತೆ ಕಣ್ಲಾ! ರೋಗಕ್ಕೆ!”

“ಹಸೀದಾ, ಒಣಗಿದ್ದಾ?”

“ನಾಟಿ ಹಸುವಿಂದೇ ಆಗ್ಬೇಕಾ, ಸೀಮೆ ಹಸುವಿಂದೂ ಆಯ್ತದಾ ಕೇಳ್ಲಾ!”

ಮರಿಯಪ್ಪಣ್ಣ ಮೊರ ಎತ್ತಿಕೊಂಡು ಕೊಟ್ಟಿಗೆಯ ದಿಕ್ಕಿಗೆ ಹೊರಟೇಬಿಟ್ಟರು. ರೇಷ್ಮೆ ಹುಳ ಮೈಲಿಗೆ ಸೋಕಿದರೆ ಸಾಯುವ ಜೀವ. ಇನ್ನೊಂದು ಗಳಿಗೆ ಬಿಟ್ಟರೆ ಊರಿನ ಅಷ್ಟೂ ಮನೆಯ ಹುಳಕ್ಕೆ ಸಗಣಿಯ ಅಭಿಷೇಕವಾಗಿ, ಆ ಪಾಪವೆಲ್ಲ ನನ್ನ ತಲೆಗೆ ಸುತ್ತಿಕೊಳ್ಳುತ್ತದೆ! ಮಾತಲ್ಲಿ ಹೇಳುವುದು ಸಾಧ್ಯವಿಲ್ಲ, ನಾನು ಹೇಳುತ್ತಿರುವುದು ಈ ಹುಳ ಎಂದು ತೋರಿಸಿಯೇ ಬಿಡೋಣವೆಂದು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದೆ.

ಸಗಣಿ ಹುಳ ಚೆನ್ನಾಗಿ ಹಾರುತ್ತದೆ. ಇದು ನನ್ನ ಥೀಸಿಸ್‌ನ ಎರಡನೇ ಅಧ್ಯಾಯದಲ್ಲಿ ವಿವರವಾಗಿ ಬಂದಿದೆ.

ಒಂದು ನಂಜೇಗೌಡರ ಕಾಲರಿನೊಳಗೆ ಇಳಿಯಿತು. ಒಂದು ಹಾಲಿನ ಕ್ಯಾನಿಗೆ ಬಿತ್ತು. ಎರಡು ನೆಟ್ಟಗೆ ಮರಿಯಪ್ಪಣ್ಣನ ಮೊರಕ್ಕೆ! “ಅಯ್ಯಯ್ಯೋ, ನನ್ ಹುಳ ಹೋಯ್ತಲ್ಲೋ!” ಎಂದು ಅವರು ಮೊರವನ್ನು ಎದೆಗವಚಿಕೊಂಡು ಓಡಿದರು. ನಂಜೇಗೌಡರು ಅಂಗಿ ಬಿಚ್ಚಿ ಕೊಡವುತ್ತ ಮೈಕಿನಲ್ಲೇ ಬೈದರು. ಈಗ ಮಾತ್ರ ಮೈಕು ಸರಿಯಾಗಿತ್ತು.

ಆಗ ಎದ್ದರು ನಮ್ಮತ್ತೆ. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಟ್ಟಗೆ ಚಾರ್ಟಿನ ಮುಂದೆ ಬಂದು ನಿಂತರು. ಒಂದೊಂದೇ ಚಿತ್ರವನ್ನು ನೋಡಿದರು. ನನ್ನನ್ನು ನೋಡಿದರು.

“ಎಲ್ರೂ ಸುಮ್ಕಿರಿ!” ಅಂದರು. ಊರು ಸುಮ್ಮನಾಯಿತು. “ಹಂಗಾರೆ ನೀನು ಓದ್ತಿರಾದು ಸಗಣಿ ಹುಳದ ಮ್ಯಾಲಾ?”

“ಹೂಂ ಅತ್ತೆ.”

“ನನ್ ಸೊಸೆ ಹಿಪ್ಪುನೇರಳೆ ತ್ವಾಟಕ್ಕೆ ಗೊಬ್ಬರ ಹಾಕ್ತಾವ್ಳೆ ಅಂತ ನಾನು ಊರೆಲ್ಲ ಹೇಳ್ಕೊಂಡ್ ತಿರುಗ್ತಿದ್ರೆ, ನೀನು ಈ ಹುಳ ಉಂಡೆ ಕಟ್ಕಂಡು ಉಳ್ಳಿಸ್ಕಂಡ್ ಹೋಗಾದ ನೋಡ್ತಾ ಕೂತಿದ್ಯಾ?” ಬೆರಳು ಮೂರನೆಯ ಚಿತ್ರದ ಮೇಲೆ.

“ಹೂಂ ಅತ್ತೆ.”

“ಜಂತಿನ ಔಷ್ದಿ ಕುಡ್ದ ಹಸುವಿನ್ ಸಗಣಿ ಒಂದ್ರಾಗೆ, ಕುಡೀದಿರಾದು ಇನ್ನೊಂದ್ರಾಗೆ. ಅದುಕ್ಕೇನಾ ನನ್ ಎರಡು ಬಕೆಟ್ಟು ಮಾಯವಾಗಿದ್ದು?”

“ಹೂಂ ಅತ್ತೆ.”

“ಔಷ್ದಿ ಇರೋ ಸಗಣಿ ತಿಂದು ಈ ಹುಳ ಸಾಯ್ತದೆ. ಸಗಣಿ ಹೊತ್ಕಂಡ್ ಹೋಗಾಕೆ ಯಾರೂ ಇಲ್ದೆ ಹಂಗೇ ಒಣುಗ್ತದೆ. ಅದ್ರಡೀಲಿ ಹುಲ್ಲು ಹುಟ್ಟಲ್ಲ. ಇಷ್ಟ್ ಹೇಳಾಕೆ ಊರ್‌ನೆಲ್ಲ ಕೂಡ್ಸಿ ನನ್ ಮಾನ ಕಳುದ್ಯಾ?”

“ಹೂಂ ಅತ್ತೆ” ಅಂದೆ.

“ಐದು ನಿಮಿಷ ಆಯ್ತು,” ಎಂದು ನನ್ನ ಗಂಡ ಮೊಬೈಲ್ ಇಳಿಸಿದರು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಗಳಗಳನೆ ಅತ್ತುಬಿಟ್ಟೆ. ಅವತ್ತೇ ಕೊನೆಯ ದಿನ. ಇನ್ನೊಂದು ಸಲ ಜನ ಸೇರಿಸೋಣವೆಂದರೆ ಇನ್ನು ಈ ಜನ್ಮದಲ್ಲಿ ಯಾರೂ ನನ್ನ ಮುಂದೆ ಕೂರುವುದಿಲ್ಲ. “ಇರೋದನ್ನೇ ಕಳಿಸ್ಬುಡು, ಹೋದ್ರೆ ಏನ್ ಹೋಯ್ತದೆ?” ಅಂದರು ಗಂಡ. ಹೋಗುವುದು ನನ್ನ ಥೀಸಿಸ್ಸು, ಅವರದೇನು! ಕೊನೆಗೆ ಮಾತುಗಳನ್ನೆಲ್ಲ, ಆಡಿದವರ ಹೆಸರಿನೊಂದಿಗೆ, ಇಂಗ್ಲಿಷಿಗೆ ಅನುವಾದಿಸಿ ವಿಡಿಯೋ ಕಳಿಸಿದೆ. “ಹೂಂ ಅತ್ತೆ” ಎಂಬುದಕ್ಕೆ ಸರಿಯಾದ ಇಂಗ್ಲಿಷ್ ಸಿಗಲಿಲ್ಲ.

ಎರಡು ವಾರಕ್ಕೆ ಉತ್ತರ ಬಂತು. ಓದಿ ಕಿರುಚಿದೆ. ಆಯ್ಕೆಯಾಗಿತ್ತು! ಇಷ್ಟು ಸರಳವಾಗಿ, ಜನರ ಭಾಷೆಯಲ್ಲಿ, ಚಿತ್ರ ತೋರಿಸುತ್ತ ಸಂಶೋಧನೆಯನ್ನು ವಿವರಿಸಿದ ವಿಡಿಯೋ ತಮಗೆ ಇದುವರೆಗೆ ಬಂದಿರಲಿಲ್ಲವಂತೆ. ಎರಡನೆಯ ಪ್ಯಾರಾ ಓದಿ ಇನ್ನೊಂದು ಸಲ ಕಿರುಚಿದೆ. ಟಿಕೆಟ್ಟು ಶ್ರೀಮತಿ ಜಯಮ್ಮನವರ ಹೆಸರಿಗೆ. ಸಮ್ಮೇಳನದಲ್ಲಿ ಮಾತಾಡುವವರೂ ಅವರೇ ಎಂದು ಶಿಲ್ಲಾಂಗಿಗೂ ತಿಳಿಸಿದ್ದಾರಂತೆ. ಪಕ್ಕದಲ್ಲಿ ನಿಂತು ತಲೆಯಾಡಿಸಿದ ಸಹಾಯಕಿಗೂ ಅಭಿನಂದನೆಗಳು.

ಫೋನ್ ಮಾಡಿ ಬೇಡಿಕೊಂಡೆ. ಸಂಶೋಧನೆ ನನ್ನದು, ಅವರು ನನ್ನ ಅತ್ತೆ, ಅದು ವಿವರಣೆಯಲ್ಲ, ಬೈಗುಳ ಅಂದೆ. ಆ ಕಡೆಯ ಹೆಣ್ಣುಮಗಳು ಬಹಳ ವಿನಯದಿಂದ, “ಮೇಡಂ, ಜನರಿಗೆ ವಿವರಿಸಿದವರಿಗೇ ಪ್ರಯಾಣದ ಖರ್ಚು ಎಂದು ನಿಯಮವಿದೆ. ವಿಡಿಯೋದಲ್ಲಿ ನೀವು ನಮಸ್ಕಾರ ಮಾತ್ರ ಹೇಳಿದ್ದೀರಿ,” ಎಂದಳು.

ಗೈಡ್ ಹತ್ತಿರ ಹೋಗಿ ಅತ್ತುಬಿಟ್ಟೆ. “ನೋಡಮ್ಮ, ವಿಜ್ಞಾನ ಜನಕ್ಕೆ ತಲುಪೋದು ಮುಖ್ಯ,” ಅಂದರು ಅವರು. “ನಿಮ್ಮತ್ತೆಗೆ ಅಲ್ಲಿ ಭಾಷೆ ತೊಂದರೆ ಆಗುತ್ತೆ. ಅನುವಾದಕ್ಕೆ ನಾನೇ ಜೊತೆಗೆ ಹೋಗ್ತೀನಿ. ನನ್ನ ಟಿಕೆಟ್ಟಿಗೆ ಹೇಗೋ ದುಡ್ಡು ಹೊಂದಿಸಿದ್ದೀನಿ.”

ಹೊಂದಿಸಿದ್ದರಂತೆ! ನನ್ನ ಹೊಟ್ಟೆ ಹೇಗೆ ಉರಿದಿರಬೇಕು, ನೀವೇ ಹೇಳಿ.

ಶಿಲ್ಲಾಂಗು ಊರಿನವರ ಬಾಯಲ್ಲಿ ಸಿಲೋನ್ ಆಗಿ, ಜಯಮ್ಮ ಸಿಲೋನಿಗೆ ಹೋಗುತ್ತಾಳೆ ಎಂದು ಸುದ್ದಿಯಾಯಿತು. ಅಲ್ಲಿಯವರೆಗೆ ನನ್ನ ಹತ್ತಿರ ಮಾತು ಬಿಟ್ಟಿದ್ದ ಅತ್ತೆ ಚಕ್ಕುಲಿ ಕಟ್ಟುತ್ತ ಕೇಳಿದರು: “ನೀನ್ ಬರಲ್ವಾ?”

“ನನಗೆ ಟಿಕೆಟ್ ಇಲ್ಲ ಅತ್ತೆ.”

“ಹೋಗ್ಲಿ ಬುಡು. ಹುಳ ನೋಡ್ಕೊ. ರೇಷ್ಮೆ ಹುಳ!”

ಸಮ್ಮೇಳನದ ದಿನ ಹುಳಕ್ಕೆ ಸೊಪ್ಪು ಹಾಕುತ್ತ ಮೊಬೈಲಿನಲ್ಲಿ ನೇರಪ್ರಸಾರ ನೋಡಿದೆ. ವೇದಿಕೆಯ ಮೇಲೆ ನನ್ನದೇ ಚಾರ್ಟು. ಅತ್ತೆಗೆ ಎದುರಿಗೆ ಬೈಯಲು ಒಂದು ಆಳು ಬೇಕು. ಸೊಸೆ ಇಲ್ಲ. ಗೈಡಿನ ಕಡೆ ತಿರುಗಿದರು. “ಸಗಣಿ ಹೊತ್ಕಂಡ್ ಹೋಗಾಕೆ ಯಾರಿದಾರೆ? ಹೇಳಿ ಮತ್ತೆ!” ಎಂದು ಬೆರಳು ತೋರಿಸಿದಾಗಲೆಲ್ಲ ಆ ದೊಡ್ಡ ಮನುಷ್ಯರು ಕೋಟು ಹಾಕಿಕೊಂಡು “ಹೂಂ ಅಮ್ಮ, ಹೂಂ ಅಮ್ಮ” ಎನ್ನುತ್ತಿದ್ದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಒಂದು ಕ್ಷಣ ಮಾತ್ರ ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

ಅತ್ತೆ ಸರ್ಟಿಫಿಕೇಟಿನೊಂದಿಗೆ ಬಂದರು. ಅದರಲ್ಲಿ ಅವರ ಹೆಸರಿದೆ. ನನ್ನ ಹೆಸರಿಲ್ಲದ ಸರ್ಟಿಫಿಕೇಟು ನಡೆಯುವುದಿಲ್ಲವೆಂದು ನನ್ನ ಥೀಸಿಸ್ಸು ಮುಂದಿನ ವರ್ಷಕ್ಕೆ ಹೋಯಿತು. ಗೈಡು “ಬೇಜಾರ್ ಮಾಡ್ಕೋಬೇಡ, ಮುಂದಿನ ಸಲ ಅತ್ತೆಯವರನ್ನೇ ಕೇಳಿ ನಿನಗೂ ಒಂದು ಅವಕಾಶ ಕೊಡಿಸೋಣ” ಎಂದಿದ್ದಾರೆ.

ಸರ್ಟಿಫಿಕೇಟಿಗೆ ಕನಕಪುರದಲ್ಲಿ ಗಾಜು ಹಾಕಿಸಿ ನಡುಮನೆಯಲ್ಲಿ ನೇತುಹಾಕಿದ್ದಾರೆ. ಮನೆಗೆ ಯಾರೇ ಬರಲಿ, ಕಾಫಿಯ ಜೊತೆಗೆ ನನ್ನನ್ನೂ ಒಳಗಿನಿಂದ ಕರೆಸುತ್ತಾರೆ.

“ಬಾರಮ್ಮಿ. ಇದ್ರಾಗೆ ಇಂಗ್ಲೀಸ್‌ನಾಗೆ ಏನ್ ಬರ್ದವ್ರೆ, ಒಸಿ ಓದಿ ಹೇಳು ಇವ್ರಿಗೆ.”

ಬಂದು, ಲೋಟ ಇಟ್ಟು, ಕೈ ಒರೆಸಿಕೊಂಡು ಓದುತ್ತೇನೆ. ಏನು ಮಾಡುವುದು, ಮನೆಯಲ್ಲಿ ಓದಿದವಳು ನಾನೊಬ್ಬಳೇ!