ಸೀರೆ ಉಟ್ಟ ಆಕಳು

ನೊಣದ ಬಗ್ಗೆ ಮನುಷ್ಯನಿಗೆ ಎರಡು ಅಭಿಪ್ರಾಯಗಳಿರುತ್ತವೆ. ಅದು ತನ್ನ ಮೇಲೆ ಕುಳಿತಾಗ ಒಂದು, ಬೇರೆಯವರ ಮೇಲೆ ಕುಳಿತಾಗ ಇನ್ನೊಂದು. ಮೊದಲನೆಯ ಸಂದರ್ಭದಲ್ಲಿ ಕೈ ತಾನಾಗಿ ಏಳುತ್ತದೆ. ಎರಡನೆಯದರಲ್ಲಿ ಜೀವದಯೆ ನೆನಪಾಗುತ್ತದೆ. ನಾನು ಬಹಳ ಕಾಲ ಈ ಎರಡನೆಯ ಪಂಗಡದಲ್ಲಿ ಆರಾಮಾಗಿ ಇದ್ದವನು. ಬಮ್ಮಿಗಟ್ಟಿಯ ಶಾಲೆಯಲ್ಲಿ ನನ್ನ ಮಾಸ್ತರಿಕೆ, ಮನೆಯಲ್ಲಿ ಅವ್ವನ ಯಜಮಾನಿಕೆ. ನೊಣವೆಂಬುದು ಆಲೋಚನೆಗೆ ಯೋಗ್ಯವಾದ ವಿಷಯ ಎಂದು ನನಗೆ ಅನಿಸಿರಲೇ ಇಲ್ಲ. ಕೆಂಪಿ ಬರದೇ ಹೋಗಿದ್ದರೆ ಇಂದಿಗೂ ಅನಿಸುತ್ತಿರಲಿಲ್ಲ.

ಕೆಂಪಿ ನನ್ನ ಹೆಂಡತಿ ಶಾಂತಾಳ ತವರಿನಿಂದ ನಮ್ಮ ಮನೆಗೆ ಬಂದ ಆಕಳು. ನನ್ನ ಮಾವನವರದು ಶಲವಡಿ. ಅಲ್ಲಿ ಎರೆಹೊಲ, ಒಣಗಾಳಿ, ಅಗಲವಾದ ಆಕಾಶ. ನಮ್ಮ ಕಲಘಟಗಿ ಕಡೆ ಹಾಗಲ್ಲ. ಮಳೆ ಹಿಡಿಯಿತೆಂದರೆ ಹುಲ್ಲಿಗೂ ಬರವಿಲ್ಲ, ನೊಣಕ್ಕೂ ಬರವಿಲ್ಲ. ಊರ ದನಗಳೆಲ್ಲ ಮೇಯುವ ಗಾಯರಾಣದಿಂದ ನಮ್ಮೂರ ಆಕಳುಗಳು ಸಂಜೆ ಬರುವಾಗ ಮೈತುಂಬ ನೊಣ ಹೊತ್ತು ತರುತ್ತಿದ್ದವು. ಬೇಡವೆಂದರೂ ಬರುವ ಬೀಗರನ್ನು ಸಹಿಸಿಕೊಳ್ಳುವ ಹಾಗೆ ಸಹಿಸಿಕೊಳ್ಳುತ್ತಿದ್ದವು. ಕೆಂಪಿಗೆ ಆ ಸಂಸ್ಕಾರ ಇರಲಿಲ್ಲ. ಚರ್ಮ ನಡುಗಿಸುವುದು, ಬಾಲ ಬೀಸುವುದು, ಹಾಲು ಹಿಂಡಲು ಕುಳಿತವರನ್ನು ಒದೆಯುವುದು ಶುರುವಾಯಿತು.

"ನಮ್ಮೂರಾಗ ಇಷ್ಟ ನೊಣಾ ಇರಲಿಲ್ರಿ ಅತ್ತಿ," ಎಂದಳು ಶಾಂತಾ.

"ಹೌದವಾ, ನಿಮ್ಮೂರಾಗ ನೊಣಕ್ಕೂ ಕುಡ್ಯಾಕ ನೀರ ಸಿಕ್ಕಿರಂಗಿಲ್ಲ," ಎಂದಳು ಅವ್ವ.

ಇಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಒಂದು ಸಂಜೆ ಕೆಂಪಿ ಒದ್ದ ಏಟಿಗೆ ಹಾಲಿನ ತಂಬಿಗೆ ಒಂದು ಕಡೆ ಉರುಳಿತು, ಅವ್ವ ಇನ್ನೊಂದು ಕಡೆ ಉರುಳಿದಳು. ಸೊಸೆಯ ತವರಿನ ಆಕಳು ಅತ್ತೆಯ ಮೊಣಕಾಲಿಗೆ ಒದ್ದ ಮೇಲೆ ಅದು ಬರೀ ದನದ ವಿಷಯವಾಗಿ ಉಳಿಯುವುದಿಲ್ಲ. "ಮುಂದಿನ ಸಂತಿಗೆ ಇದನ್ನ ಮಾರಿಬಿಡು," ಎಂದು ಅವ್ವ ನನಗೆ ಅಪ್ಪಣೆ ಮಾಡಿದಳು. ಶಾಂತಾ ಏನೂ ಹೇಳಲಿಲ್ಲ. ಅಂದಿನಿಂದ ಏನನ್ನೂ ಹೇಳಲಿಲ್ಲ. ಕೆಂಪಿ ಹೊಸ್ತಿಲು ದಾಟಿ ನಡೆದುಹೋದರೆ ಮನೆಯೊಳಗಿನ ಮಾತುಕತೆಯೂ ಅದರ ಹಿಂದೆಯೇ ನಡೆದುಹೋಗುತ್ತದೆ ಎಂಬುದು ನನಗೆ ಸ್ಪಷ್ಟವಾಯಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಹಾಗಾಗಿ ನೊಣಗಳ ಮೇಲೆ ಯುದ್ಧ ಸಾರಿದೆ. ಆಗಷ್ಟೇ ಕೊಂಡ ಟ್ರಾನ್ಸಿಸ್ಟರ್ ರೇಡಿಯೋದಲ್ಲಿ ಸಂಜೆ ರೈತರಿಗಾಗಿ ಬರುತ್ತಿದ್ದ ಕಾರ್ಯಕ್ರಮವನ್ನು ಕಿವಿಗೊಟ್ಟು ಕೇಳಿದೆ. ಬೇವಿನ ಸೊಪ್ಪಿನ ಹೊಗೆ ಹಾಕಿರಿ ಎಂದರು. ನಮ್ಮ ಕಡೆಯ ಮನೆಗಳಲ್ಲಿ ದನಗಳೂ ನಾವೂ ಒಂದೇ ಮಾಡಿನ ಕೆಳಗೆ ಇರುವವರು. ದನಗಳು ಕೆಳಗೆ, ನಾವು ಪಡಸಾಲೆಯ ಮೇಲೆ. ರೇಡಿಯೋದವರಿಗೆ ಇದು ಗೊತ್ತಿರಲಿಲ್ಲವೆಂದು ಕಾಣುತ್ತದೆ. ಹೊಗೆ ಹಾಕಿದ ಕೂಡಲೇ ನೊಣಗಳು ಶಿಸ್ತಾಗಿ ಪಡಸಾಲೆಗೆ ಬಂದವು, ನಾವು ಕೆಮ್ಮುತ್ತ ಬೀದಿಗೆ ಹೋದೆವು, ಕೆಂಪಿ ಒಬ್ಬಳೇ ನೆಮ್ಮದಿಯಿಂದ ಮೆಲುಕು ಹಾಕಿದಳು. ಮರುದಿನ ಬೇವಿನ ಎಣ್ಣೆ ಸವರಿದೆ. ನೊಣಗಳು ಒಂದು ಹೊತ್ತು ಆಕಳನ್ನು ಬಿಟ್ಟವು. ಆದರೆ ಅದನ್ನು ಸವರಿದ ಕೈಯಿಂದಲೇ ಹಿಂಡಿದ ಹಾಲಿನ ಚಹಾ ಕುಡಿದ ಅವ್ವ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಕೊನೆಗೆ ಉಪಾಯ ಹೂಡಿದವಳು ಶಾಂತಾ. ಕೌದಿ ಹೊಲಿಯಲೆಂದು ಅವ್ವ ತೆಗೆದಿಟ್ಟಿದ್ದ ಹಳೆಯ ಅರಿವೆಗಳಲ್ಲಿ ಅವ್ವನದೇ ಒಂದು ಇಳಕಲ್ಲ ಸೀರೆಯಿತ್ತು. ಉಟ್ಟು ಉಟ್ಟು ಮೆತ್ತಗಾಗಿತ್ತು. ಅದರಲ್ಲಿ ಅರ್ಧ ಹರಿದು, ಕೆಂಪಿಯ ಬೆನ್ನ ಮೇಲೆ ಹಾಸಿ, ಹೊಟ್ಟೆಯ ಕೆಳಗೆ ಗಂಟು ಕಟ್ಟಿ, ಸೆರಗನ್ನು ಕೋಡಿನ ತನಕ ಎಳೆದಳು. ತನ್ನ ನೈಲಾನ್ ಸೀರೆ ಯಾಕೆ ಕೊಡಲಿಲ್ಲವೆಂದು ನಾನು ಕೇಳಲಿಲ್ಲ. ಕೆಂಪಿ ಒಮ್ಮೆ ಮೈ ನಡುಗಿಸಿ, ಆಮೇಲೆ ಸುಮ್ಮನೆ ನಿಂತಳು. ಶಾಂತಾ ಹಾಲು ಹಿಂಡಿದಳು. ಒದೆತವಿಲ್ಲ.

ಬೆಳಿಗ್ಗೆ ಊರ ದನಗಳನ್ನು ಮೇಯಿಸಲು ಒಯ್ಯುವ ಮಾಬುಸಾಬ ಬಂದು ಬಾಗಿಲಲ್ಲಿ ನಿಂತ. ಕೆಂಪಿಯನ್ನು ಕಂಡು ಕೈಯಲ್ಲಿದ್ದ ಕೋಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಮಾಸ್ತರ್ರ, ಇದೇನ್ರಿ?"

"ನೊಣಕ್ಕೋ ಮಾಬುಸಾಬಾ. ಹೊಡ್ಕೊಂಡ ಹೋಗು."

"ಹೊಡ್ಕೊಂಡ ಹೋಗೂದಾ?" ಎಂದು ಅವನು ಎರಡು ಹೆಜ್ಜೆ ಹಿಂದೆ ಸರಿದ. "ಸೀರಿ ಉಟ್ಟಾಕಿನ್ನ ಹಾಡಹಗಲ ಹೊಡ್ಕೊಂಡ ಹೋದ ಅಂತ ನನ್ನ ಹೆಸರ ಕೆಡಸ್ತೀರೇನ್ರಿ? ಕೋಲ ಎತ್ತಿದ್ರ ಹೆಣ್ಮಗಳಿಗೆ ಹೊಡದಾ ಅಂತಾರ. ನನ್ನ ಕಡೆಯಿಂದ ಆಗೂದಿಲ್ರಿ."

ದಿನಾ ಮಕ್ಕಳಿಗೆ ಕನ್ನಡ ಕಲಿಸುವ ನಾನು ಆಕಳಿನ ಹಗ್ಗವನ್ನು ಮತ್ತೆ ಗೂಟಕ್ಕೆ ಕಟ್ಟಿದೆ. ಕೆಂಪಿ ಅಂದು ಮನೆಯಲ್ಲೇ ಉಳಿದಳು. ಅಷ್ಟರಲ್ಲಿ ಅವ್ವ ಹೇಳಿಕಳಿಸಿದ್ದ ದಲ್ಲಾಳಿ ಫಕೀರಪ್ಪನೂ ಬಂದ. ಆಕಳಿನ ಹಲ್ಲು ನೋಡಿದ, ಕೆಚ್ಚಲು ನೋಡಿದ, ತಲೆ ಆಡಿಸಿದ. ಶಾಂತಾ ಅಡಿಗೆಮನೆಯ ಬಾಗಿಲಿಗೆ ಆತು ನಿಂತಿದ್ದಳು. ಅವಳ ಕಣ್ಣು ತುಂಬಿದ್ದು ನನಗೆ ಕಾಣಿಸಿತು. ನಾನು ಕಂಬ ಹಿಡಿದು ನಿಂತೆ. ಅಂಥ ಹೊತ್ತಿನಲ್ಲಿ ಕಂಬ ಹಿಡಿಯುವುದು ನನಗೆ ರೂಢಿ.

"ಎಲ್ಲಾ ಬರೋಬ್ಬರಿ ಐತಿ ಯವ್ವಾ," ಎಂದ ಫಕೀರಪ್ಪ. "ಈ ಸೀರಿ ಬಿಚ್ಚಿ ಕೊಡ್ರಿ, ಹೊಂಡ್ತೀನಿ."

ಅವ್ವ ಮೊಣಕಾಲು ಮರೆತು ಎದ್ದು ನಿಂತಳು. "ಏನಂದ್ಯೋ? ನಾ ಉಟ್ಟ ಸೀರಿ! ಬಾಗಲದಾಗ, ಮಂದಿ ಮುಂದ, ಬಿಚ್ಚಂತೀ?"

"ಹಂಗಲ್ಲ ಯವ್ವಾ, ಹಂಗಾರ ಸೀರಿ ಸಮೇತ ಒಯ್ತೀನಿ."

"ಸೀರಿ ಉಟ್ಟಾಕಿನ್ನ ಉಡಿ ತುಂಬದ ಹೊಸ್ತಿಲಾ ದಾಟಸ್ತಾರೇನು?"

"ತುಂಬ್ರೆಲಾ ಮತ್ತ."

ಅವ್ವ ಆಕಳಿನ ಬೆನ್ನ ಮೇಲಿನ ಸೀರೆಯನ್ನು ನೋಡಿದಳು. ಅವಳು ಒಂದೊಂದೇ ಹೆಜ್ಜೆ ಮುಂದೆ ಯೋಚಿಸುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ತನ್ನ ಸೀರೆ ಉಡಿಸಿ, ಅಕ್ಕಿ ಕೊಬ್ಬರಿ ಹಾಕಿ ಉಡಿ ತುಂಬಿದರೆ ಆಕಳು ಮನೆಮಗಳಾದ ಹಾಗಾಯಿತು. ಮಗಳನ್ನು ಹಗ್ಗ ಹಿಡಿಸಿ ದಲ್ಲಾಳಿಯ ಕೈಗೆ ಕೊಡುವುದುಂಟೇ? "ಹೋಗೋ ನೀ," ಎಂದಳು ಕೊನೆಗೆ. "ಮಗಳನ್ನ ಮಾರೂ ಮಂದಿ ಅಲ್ಲ ನಾವು." ಆಮೇಲೆ ಸೊಸೆಯ ಕಡೆ ತಿರುಗಿ, ಸಿಟ್ಟಿನ ದನಿಯಲ್ಲೇ, "ಸೆರಗ ಸರಿ ಮಾಡ ಆಕಿಂದು, ಜಾರೇತಿ," ಎಂದಳು. ಶಾಂತಾ ಅಳುತ್ತಲೇ ನಕ್ಕಳು. ನಾನು ಕಂಬ ಬಿಟ್ಟೆ.

ಮಾಬುಸಾಬನನ್ನೂ ಒಪ್ಪಿಸಿದ್ದಾಯಿತು. "ಹೊಡ್ಕೊಂಡ ಹೋಗೂದಿಲ್ರಿ, ಕರ್ಕೊಂಡ ಹೋಗ್ತೀನಿ," ಎಂದು ಅವನು ಶಬ್ದ ಬದಲಿಸಿಕೊಂಡ. ಶಬ್ದದ ಜೊತೆಗೆ ನಡಿಗೆಯನ್ನೂ ಬದಲಿಸಿದ. ಉಳಿದ ದನಗಳನ್ನು ಹಿಂದಿನಿಂದ ಕೋಲಾಡಿಸುತ್ತ ಒಯ್ದರೆ, ಕೆಂಪಿಯ ಮುಂದೆ ಮಾತ್ರ ಹಾದಿ ಬಿಡಿಸುತ್ತ ನಡೆಯುತ್ತಿದ್ದ.

ಇನ್ನು ನೊಣಗಳ ವಿಷಯ. ಅವುಗಳನ್ನು ನಿಯಂತ್ರಿಸಿದೆವೆಂದು ನಾನು ಹೇಳಲಾರೆ; ಅವು ಸ್ಥಳ ಬದಲಾಯಿಸಿದವು, ಅಷ್ಟೇ. ಅವ್ವನಿಗೆ ಮೊಣಕಾಲು, ಶಾಂತಾಳಿಗೆ ಒಲೆ, ಹೀಗೆ ಹಾಲು ಹಿಂಡುವ ಕೆಲಸ ನನ್ನ ಪಾಲಿಗೆ ಬಂತು. ಕೆಂಪಿಯ ಮೇಲೆ ಜಾಗ ಸಿಗದ ನೊಣಗಳೆಲ್ಲ ನನ್ನ ಬನಿಯನ್ನಿನ ಮೇಲೆ, ಕತ್ತಿನ ಮೇಲೆ, ಕಿವಿಯ ಸಂದಿಯಲ್ಲಿ ಕುಳಿತವು. ಎರಡೂ ಕೈ ಕೆಚ್ಚಲಲ್ಲಿ, ಬಾಲವಂತೂ ನನಗಿಲ್ಲ. ಜೀವದಯೆಯ ಕುರಿತ ನನ್ನ ಅಭಿಪ್ರಾಯ ಒಂದೇ ಬೆಳಗಿನಲ್ಲಿ ಬದಲಾಯಿತು. ನನ್ನ ಒದ್ದಾಟ ನೋಡಲಾರದೆ ಶಾಂತಾ ಆ ಇಳಕಲ್ಲ ಸೀರೆಯ ಉಳಿದರ್ಧ ತಂದು ನನ್ನ ತಲೆಯ ಮೇಲಿಂದ ಹೊದಿಸಿ, ಕುತ್ತಿಗೆಯ ಹತ್ತಿರ ಗಂಟು ಹಾಕಿ ಹೋದಳು. ನಿಜವಾಗಿಯೂ ಸುಖವೆನಿಸಿತು.

ಅಷ್ಟರಲ್ಲಿ ಬಾಗಿಲಲ್ಲಿ ಮಾಬುಸಾಬ ಕೆಮ್ಮಿದ ಸಪ್ಪಳ ಕೇಳಿಸಿತು. ಬೆನ್ನು ಮಾಡಿ ಕುಳಿತ ನನ್ನನ್ನೂ ನಿಂತ ಕೆಂಪಿಯನ್ನೂ ಅವನು ನೋಡಿರಬೇಕು. ಬಹಳ ಮರ್ಯಾದೆಯಿಂದ, ತಗ್ಗಿದ ದನಿಯಲ್ಲಿ ಕೇಳಿದ:

"ಯಕ್ಕಾರ, ಮಾಸ್ತರು ಇನ್ನೂ ಎದ್ದಿಲ್ಲೇನ್ರಿ?"

ಒಳಗೆ ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ನಗುವುದು ಕೇಳಿಸಿತು. ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು, ತಿರುಗಿ ನೋಡದೆ, ಕೆಂಪಿಯ ಹಗ್ಗ ಬಿಚ್ಚಿದೆ.