ನಾದಿನಿಯ ತಲೆಗೆ ನಾನು ಕಟ್ಟಿದ ಸೋಲಾಪುರದ ತುರುಬು

ಕೇಶಾಲಂಕಾರ ಒಂದು ವಿದ್ಯೆ. ಆ ವಿದ್ಯೆ ನಮ್ಮ ಓಣಿಯಲ್ಲಿ ನನ್ನೊಬ್ಬಳಿಗೇ ಬರುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು. ಮದುವೆಯಾಗಿ ವಿಜಾಪುರಕ್ಕೆ ಬರುವ ಮೊದಲು ಸೋಲಾಪುರದ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅಲ್ಲಿ ಚಿಕ್ಕಮ್ಮನ ಮಗಳು ಕನ್ನಡಿಯ ಮುಂದೆ ನಿಂತು, ಸಿನಿಮಾದವರು ಹಾಕಿಕೊಳ್ಳುವಂಥ ಎತ್ತರದ ಉಬ್ಬು ತುರುಬನ್ನು ಹಾಕಿಕೊಂಡದ್ದನ್ನು ಕಣ್ಣಾರೆ ನೋಡಿದ್ದೆ. ಪೂರ್ತಿ ನೋಡಿದೆ ಎನ್ನುವಂತಿಲ್ಲ. ನಡುವೆ ಹಾಲು ಉಕ್ಕುತ್ತದೆಂದು ಅಡುಗೆಮನೆಗೆ ಓಡಿದ್ದೆ, ತಿರುಗಿ ಬರುವಷ್ಟರಲ್ಲಿ ತುರುಬು ಆಗಿಹೋಗಿತ್ತು. ಆದರೇನು, ಆರಂಭ ನೋಡಿದ್ದೆ, ಮುಕ್ತಾಯ ನೋಡಿದ್ದೆ. ನಡುವಿನದನ್ನು ಬುದ್ಧಿವಂತರಾದವರು ಊಹಿಸಿಕೊಳ್ಳಬೇಕು.

ಆಗಿನ್ನೂ ನೈಲಾನ್ ಸೀರೆ ಪೇಟೆಗೆ ಬಂದ ಹೊಸತು. ನಮ್ಮ ಮನೆಯಲ್ಲಿ ನಾವು ನಾಲ್ವರು: ನಾನು, ಕಚೇರಿಯಲ್ಲಿ ಕಾರಕೂನರಾಗಿದ್ದ ನಮ್ಮ ಮನೆಯವರು, ಅತ್ತೆ, ಮತ್ತು ನನ್ನ ನಾದಿನಿ ಸುಮಿತ್ರಾ. ಸುಮಿತ್ರಾ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಮುಂದೆ ಕಲಿತು ಸಾಲಿಯಲ್ಲಿ ಕಲಿಸುವ ಅಕ್ಕೋರಾಗಬೇಕೆಂದು ಆಸೆ. ಅತ್ತೆ ಮಾತ್ರ ಹುಡುಗಿ ಕಲಿತದ್ದು ಸಾಕು ಎಂದು ಪಾಟಿ ಪುಸ್ತಕ ಕಟ್ಟಿಸಿ ಅಟ್ಟಕ್ಕೆ ಹಾಕಿಸಿದ್ದರು. ಅಷ್ಟರಲ್ಲಿ ಬಬಲೇಶ್ವರದಿಂದ ಒಂದು ಸಂಬಂಧ ಬಂತು. ಹುಡುಗ ಸಾಲಿಯ ಮಾಸ್ತರ. ಮದುವೆಯಾದ ಮೇಲೂ ಹೆಂಡತಿಯನ್ನು ಓದಿಸುತ್ತೇನೆ ಎಂದು ಮಧ್ಯಸ್ಥರ ಮುಂದೆ ತಾನಾಗಿಯೇ ಹೇಳಿದ್ದನಂತೆ. ಅದನ್ನು ಕೇಳಿದ ದಿನದಿಂದ ಸುಮಿತ್ರಾ ಊಟ ಮಾಡುವಾಗಲೂ ತನ್ನಷ್ಟಕ್ಕೆ ತಾನು ನಗುತ್ತಿದ್ದಳು.

ತಂದೆ ತಾಯಿ ಇಲ್ಲದ ಆ ಹುಡುಗನನ್ನು ಸಾಕಿದವಳು ಅವನ ಸೋದರತ್ತೆ ನೀಲವ್ವ. ಆಕೆ ಒಪ್ಪಿದರೆ ಮದುವೆ, ಇಲ್ಲದಿದ್ದರೆ ಇಲ್ಲ. ಇಬ್ಬರೂ ಕನ್ಯಾ ನೋಡಲು ಬರುವ ದಿನ ಬೆಳಿಗ್ಗೆ ಅತ್ತೆ ಸುಮಿತ್ರಾಳ ತಲೆಗೆ ಕೊಬ್ಬರಿ ಎಣ್ಣೆ ಸುರಿದು, ಕೈತುಂಬ ತಿಕ್ಕಿ, ಅವಳನ್ನು ನನ್ನ ವಶಕ್ಕೆ ಕೊಟ್ಟರು.

"ನಡಕ ಬೈತಲಿ ತಗದು ಒಂದ ಜಡಿ ಹಾಕು. ಮ್ಯಾಲೊಂದು ಅಬ್ಬಲಿಗಿ ದಂಡಿ ಕಟ್ಟು. ಮುಗೀತು," ಎಂದರು.

"ಹೂಂರಿ ಅತ್ತಿ," ಎಂದೆ. ಒಳಕೋಣೆಯ ಬಾಗಿಲು ಹಾಕಿಕೊಂಡು ಸುಮಿತ್ರಾಳಿಗೆ ಬೇರೆಯೇ ಹೇಳಿದೆ. "ಜಡಿ ಯಾರ ಬೇಕಾದ್ರೂ ಹಾಕ್ತಾರ. ಹುಡುಗ ಓದಿದಾಂವ ಅದಾನ. ನಾ ನಿನಗ ಸೋಲಾಪುರದ ತುರುಬು ಕಟ್ಟತೀನಿ."

"ವೈನಿ, ನಿಮಗ ಖರೇನ ಬರತೈತೇನ್ರಿ?" ಎಂದಳು ಅವಳು. "ಈ ಮನಿ ಕೂಡಿ ಬರಬೇಕ್ರಿ ನನಗ. ಇನ್ನೊಬ್ಬ ಯಾರರ ಬಂದ್ರ ನನ್ನ ಓದಸ್ತಾರಂತೇನ ಗ್ಯಾರಂಟಿ?"

"ಅದಕ್ಕ ಹೇಳಾಕತ್ತೇನಿ. ಸುಮ್ಮನ ಕೂಡು."

ಹೊಸದಾಗಿ ಕಲಿಯುವವರ ಅನುಕೂಲಕ್ಕಾಗಿ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ. ಉಬ್ಬು ತುರುಬಿಗೆ ಮೊದಲು ಮುಂದಿನ ಕೂದಲನ್ನು ಹಿಡಿಯಾಗಿ ಎತ್ತಿ, ತುದಿಯಿಂದ ಬುಡದ ಕಡೆಗೆ ತಿರುವುಮುರುವಾಗಿ ಬಾಚಬೇಕು. ಆಗ ಕೂದಲು ಒಳಗೊಳಗೇ ಸಿಕ್ಕುಗಟ್ಟಿ ಎದ್ದು ನಿಲ್ಲುತ್ತದೆ. ಸೋಲಾಪುರದಲ್ಲಿ ನಿಂತಿತ್ತು. ವಿಜಾಪುರದಲ್ಲಿ ನಿಲ್ಲಲಿಲ್ಲ. ಅತ್ತೆ ಸುರಿದ ಎಣ್ಣೆಗೆ ಅದು ಬಾಚಿದಂತೆಲ್ಲ ಮಲಗಿಕೊಳ್ಳುತ್ತಿತ್ತು. ತಲೆ ತೊಳೆದು ಒಣಗಿಸುವಷ್ಟು ವೇಳೆ ಇರಲಿಲ್ಲ. ನಮ್ಮ ಮನೆಯವರು ಅತಿಥಿಗಳನ್ನು ಕರೆತರಲು ಬಸ್ ಸ್ಟ್ಯಾಂಡಿಗೆ ಆಗಲೇ ಹೋಗಿದ್ದರು.

ನಾನು ಶಾಂತವಾಗಿ ವಿಚಾರ ಮಾಡಿದೆ. ಎಣ್ಣೆಯನ್ನು ಹೀರುವ ಪದಾರ್ಥ ಯಾವುದು? ಹಿಟ್ಟು. ಅಡುಗೆಮನೆಯಿಂದ ಸೆರಗಿನಲ್ಲಿ ಜೋಳದ ಹಿಟ್ಟು ತಂದು ಧಾರಾಳವಾಗಿ ಉದುರಿಸಿದೆ. ವಿಜ್ಞಾನ ಸುಳ್ಳಾಗಲಿಲ್ಲ, ಕೂದಲು ಎದ್ದು ನಿಂತಿತು. ಬಣ್ಣ ಮಾತ್ರ ಅತ್ತೆಯ ತಲೆಯ ಬಣ್ಣಕ್ಕೆ ಬಂದಿತ್ತು. ಟಾವೆಲ್ಲಿನಿಂದ ಬಡಿದು ಬಡಿದು ಒಂದಷ್ಟು ಉದುರಿಸಿ, ಉಳಿದದ್ದನ್ನು ಅಬ್ಬಲಿಗೆ ಹೂವಿನಿಂದ ಮುಚ್ಚುವುದೆಂದು ತೀರ್ಮಾನಿಸಿದೆ.

"ವೈನಿ, ಸೀನ ಬರಾಕತ್ತಾವ್ರಿ," ಎಂದಳು ಸುಮಿತ್ರಾ.

"ಅವರ ಮುಂದ ಸೀನಬ್ಯಾಡ."

ಎರಡನೆಯ ಹಂತ, ತುರುಬಿನ ಒಳಗೆ ಏನನ್ನಾದರೂ ತುಂಬುವುದು. ಚಿಕ್ಕಮ್ಮನ ಮಗಳು ದುಂಡಗಿನ, ನಡುವೆ ತೂತಿರುವ ಏನನ್ನೋ ಇಟ್ಟು, ಅದರ ಸುತ್ತ ಕೂದಲು ಹರಡಿದ್ದಳು. ಅಂಥದ್ದು ನಮ್ಮ ಮನೆಯಲ್ಲಿ ಎಲ್ಲಿಂದ ಬರಬೇಕು? ನಮ್ಮ ಮನೆಯವರ ಕಾಲುಚೀಲ ನೆನಪಾಯಿತು, ಆದರೆ ಅದು ಅವರ ಕಾಲಿನೊಂದಿಗೆ ಬಸ್ ಸ್ಟ್ಯಾಂಡಿಗೆ ಹೋಗಿತ್ತು. ಹುಡುಕುತ್ತ ಬಚ್ಚಲಿನ ಕಡೆ ಬಂದಾಗ ಗೋಡೆಯ ಮೊಳೆಗೆ ತೂಗುಹಾಕಿದ್ದ ಸಿಂಬಿ ಕಣ್ಣಿಗೆ ಬಿತ್ತು. ನೀರಿನ ಕೊಡ ಹೊರುವಾಗ ತಲೆ ನೋಯಬಾರದೆಂದು ಕೊಡದ ಕೆಳಗೆ ಇಟ್ಟುಕೊಳ್ಳುವ, ಹಳೇ ಸೀರೆಯನ್ನು ಹೊಸೆದು ಸುತ್ತಿದ ಬಟ್ಟೆಯ ಬಳೆ ಅದು. ಗಾತ್ರ ಸರಿಯಾಗಿತ್ತು, ಆಕಾರ ಸರಿಯಾಗಿತ್ತು, ತಲೆಯ ಮೇಲೆ ಕೂರುವ ಅಭ್ಯಾಸವೂ ಅದಕ್ಕಿತ್ತು. ಸ್ವಲ್ಪ ಹಸಿ ಇತ್ತು. ಹಸಿ ಆರುತ್ತದೆ ಎಂದುಕೊಂಡೆ.

ಸಿಂಬಿ ಇಟ್ಟು ಸುತ್ತ ಕೂದಲು ಹರಡಿ ನೋಡಿದರೆ ತುರುಬು ಒಂದು ಕುಂಬಳಕಾಯಿಯಷ್ಟಾಯಿತು. ಇದ್ದ ಪಿನ್ನುಗಳೆಲ್ಲ ಮುಂದಿನ ಉಬ್ಬಿಗೇ ಮುಗಿದಿದ್ದವು. ತುರುಬು ಜೋಲಿ ಹೊಡೆಯುತ್ತಿತ್ತು. ಅಷ್ಟರಲ್ಲಿ ಅಂಗಳದಲ್ಲಿ ಚಪ್ಪಲಿಯ ಸಪ್ಪಳ ಕೇಳಿಸಿತು. ಇಂಥ ಸಂದರ್ಭದಲ್ಲಿ ಸಾಮಾನ್ಯರಾಗಿದ್ದರೆ ಎದೆಗುಂದುತ್ತಿದ್ದರು. ನಾನು ಕೌದಿ ಹೊಲಿಯುವ ಸೂಜಿ ತೆಗೆದುಕೊಂಡು, ಕರಿ ದಾರ ಪೋಣಿಸಿ, ತುರುಬನ್ನು ಸಿಂಬಿಗೆ ಸೇರಿಸಿ ಸುತ್ತಲೂ ಹೊಲಿದುಬಿಟ್ಟೆ. ಅವಸರದಲ್ಲಿ ದಾರದ ತುದಿಗೆ ಗಂಟು ಹಾಕಲಿಲ್ಲ.

ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಮಾಸ್ತರ ತಲೆ ತಗ್ಗಿಸಿ ಕುಳಿತಿದ್ದ. ಪಕ್ಕದಲ್ಲಿ ಇಳಕಲ್ ಸೀರೆಯ ನೀಲವ್ವ ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತಿದ್ದಳು. ಸುಮಿತ್ರಾ ಚಹದ ತಾಟು ಹಿಡಿದು ಹೊರಗೆ ಬಂದಳು. ಬಾಗಿಲಿನ ಮೇಲಿನ ಚೌಕಟ್ಟು ತುರುಬಿಗೆ ತಗುಲದಂತೆ ಒಂದಿಷ್ಟು ಬಗ್ಗಿ ಬರಬೇಕಾಯಿತು. ಅತ್ತೆ ಆ ತುರುಬನ್ನು ಆಗಲೇ ಮೊದಲ ಸಲ ನೋಡಿದ್ದು. ಅವರ ಬಾಯಿ ಅತಿಥಿಗಳ ಕಡೆ ನಗುತ್ತಿತ್ತು, ಕಣ್ಣು ನನ್ನನ್ನು ಸುಡುತ್ತಿತ್ತು. ಎರಡನ್ನೂ ಒಟ್ಟಿಗೆ ಮಾಡುವ ಶಕ್ತಿ ಅವರೊಬ್ಬರಿಗೇ ಇತ್ತು.

"ತಲಿ ಮ್ಯಾಲ ಇದೇನ ಐತಿ?" ಎಂದು ನೀಲವ್ವ ಕೇಳಿದಳು.

"ಈಗ ಸೋಲಾಪುರದಾಗ ಎಲ್ಲಾರೂ ಹಿಂಗ ಕಟಗೋತಾರ್ರಿ," ಎಂದೆ ನಾನು.

"ನಾವು ಬಬಲೇಶ್ವರದಾಗ ಇರತೀವಿ," ಎಂದಳು ನೀಲವ್ವ.

ಆ ಮಾತಿಗೆ ನಮ್ಮ ಮನೆಯವರು ಗಡಬಡಿಸಿ ಅವಲಕ್ಕಿಯ ತಾಟು ಮುಂದೆ ಸರಿಸಿದರು. ಸಂಗತಿ ಅಲ್ಲಿಗೇ ನಿಂತಿದ್ದರೆ ನಾನು ಹೇಗೋ ದಾಟಿಸುತ್ತಿದ್ದೆ. ಆದರೆ ಅದೇ ಹೊತ್ತಿಗೆ ಓಣಿಯಲ್ಲಿ ಯಾರೋ ಕೂಗಿದರು: "ನಳ ಬಂದಾವು!"

ನಮ್ಮ ಓಣಿಯ ನಳದ ಗುಣ ಗೊತ್ತಿಲ್ಲದವರಿಗೆ ಆ ಕೂಗಿನ ತೂಕ ತಿಳಿಯುವುದಿಲ್ಲ. ಅದು ತನಗೆ ಮನಸ್ಸು ಬಂದಾಗ ಬರುತ್ತಿತ್ತು, ನಮ್ಮ ಕೊಡ ತುಂಬುವ ಮೊದಲು ಹೋಗುತ್ತಿತ್ತು. ಯಾರು ಸತ್ತರೂ ಹುಟ್ಟಿದರೂ ನಮ್ಮ ಹೆಂಗಸರು ನಳಕ್ಕೆ ಹೋಗಿಯೇ ಹೋಗುತ್ತಿದ್ದರು. ಅತ್ತೆ "ಬಂದೆರಿ" ಎಂದು ಅತಿಥಿಗಳಿಗೆ ಹೇಳಿ ಬಚ್ಚಲಿನ ಕಡೆ ನಡೆದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ದನಿ ಬಂತು.

"ಸಿಂಬಿ ಎಲ್ಲಿ ಹೋತು?"

ನಾನು ಮೇಲೆ ನೋಡತೊಡಗಿದೆ. ನಮ್ಮ ಜಂತಿಗಳಲ್ಲಿ ಅಷ್ಟೊಂದು ಗೆದ್ದಲು ಇದೆ ಎಂದು ಅಂದೇ ಗಮನಿಸಿದ್ದು.

"ಟಾವೆಲ್ ಸುತ್ತಿ ಇಟಗೊಂಡು ಹೋಗ ಬೇ," ಎಂದು ನಮ್ಮ ಮನೆಯವರು ತಾಯಿಗೆ ಹೇಳಿದರು.

"ಟಾವೆಲ್ ಯಾಕ? ಇಲ್ಲೇ ಮೊಳಿಗಿ ಹಾಕಿದ್ದೆ. ನಿನ್ನೆ ಆ ಗಂಗವ್ವ ಕೇಳಿಕೊಂಡು ಬಂದಿದ್ಲು. ಆಕೀನ ಒಯ್ದಾಳ."

ಗಂಗವ್ವ ನಮ್ಮ ನೆರೆಮನೆಯವಳು. ನಡುವಿನ ಗೋಡೆ ಎದೆಮಟ್ಟ. ಇಂಥ ಮಾತುಗಳನ್ನು ಆ ಗೋಡೆ ಎಂದೂ ತಡೆದದ್ದಿಲ್ಲ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಗಂಗವ್ವ ಖಾಲಿ ಕೊಡದ ಸಮೇತ ನಮ್ಮ ಪಡಸಾಲೆಯಲ್ಲಿ ಬಂದು ನಿಂತಳು.

"ನಿನ್ನೇನ ಒಯ್ದು ನಿನ್ನೇನ ತಂದಿಟ್ಟೀನ್ರಿ ಅಕ್ಕಾರ. ಹರಕ ಸಿಂಬಿಗಿ ನನ್ನ ಕಳ್ಳಿ ಮಾಡ್ತೀರೇನು? ಪರಸ್ಥಳದವರು ಕುಂತಾರ, ಅವರ ಮುಂದ ನನ್ನ ಮರ್ಯಾದಿ ತಗೀತೀರಿ. ಬರ್ರಿ, ನಮ್ಮ ಮನಿ ಹೊಕ್ಕು ಹುಡಕ್ರಿ. ಸಿಗಲಿಲ್ಲಂದ್ರ ನಾ ನಿಮ್ಮ ಮನಿ ಹುಡಕತೀನಿ."

ಹುಡುಕಾಟ ನಮ್ಮ ಮನೆಯಿಂದ ಶುರುವಾದರೆ ದೂರ ಹೋಗಬೇಕಾದ ಅಗತ್ಯವಿರಲಿಲ್ಲ. ಸುಮಿತ್ರಾ ಮಣೆಯ ಮೇಲೆ ಕಲ್ಲಿನಂತೆ ಕುಳಿತಿದ್ದಳು. ಆದರೆ ಹಸಿ ಸಿಂಬಿಗೂ ಎಣ್ಣೆಗೂ ಜೋಳದ ಹಿಟ್ಟಿಗೂ ಅಷ್ಟರಲ್ಲಿ ಒಳಗೇ ಒಪ್ಪಂದವಾಗಿ, ಬೆಳ್ಳಗಿನ ಒಂದು ಧಾರೆ ಅವಳ ಕಿವಿಯ ಹಿಂದಿನಿಂದ ಕುತ್ತಿಗೆಗೆ ಇಳಿಯತೊಡಗಿತು. ನೀಲವ್ವ ಜಗಳ ನೋಡುವುದನ್ನು ಬಿಟ್ಟು ಅದನ್ನೇ ನೋಡಿದಳು.

"ಹುಡುಗಿ ತಲ್ಯಾಗ ಏನರ ಬ್ಯಾನಿ ಐತೇನು?" ಎಂದಳು.

ಗಂಗವ್ವ ಕೊಡ ಕೆಳಗಿಟ್ಟು ತಾನೂ ಬಗ್ಗಿ ನೋಡಿದಳು.

"ಇಲ್ರಿ, ಇಲ್ರಿ," ಎಂದರು ಅತ್ತೆ ಕೊಡ ಹಿಡಿದೇ ಬಚ್ಚಲಿನಿಂದ ಓಡಿಬಂದು. "ನಮ್ಮ ಹುಡುಗಿಯಂಥಾ ಕೂದಲಾ ಈ ಓಣ್ಯಾಗ ಯಾರಿಗೂ ಇಲ್ಲರಿ."

"ಹಂಗಂತಾನ ಎಲ್ಲಾರೂ ಹೇಳತಾರ. ನಮ್ಮ ಬಳಗದಾಗ ಒಂದು ಮದುವ್ಯಾಗ ಮದಲಗಿತ್ತಿ ಜಡಿ ಅಕ್ಕಿಕಾಳಿನ ಕೂಡ ಕೆಳಗ ಬಿತ್ತು. ಬರೀ ಚೌರಿ. ಆವತ್ತಿನಿಂದ ನಾ ಕೈಯಾಗ ಹಿಡದ ನೋಡತೀನಿ," ಎನ್ನುತ್ತ ನೀಲವ್ವ ಎದ್ದಳು.

ಸುಮಿತ್ರಾ ತಲೆ ಎತ್ತಿ ನನ್ನ ಕಡೆ ಒಮ್ಮೆ ನೋಡಿದಳು. ಬೈಯುವ ನೋಟವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅದು ಬೈಗುಳವಲ್ಲ, ಭಯ. ನನ್ನ ಒಂದು ಜಂಬಕ್ಕಾಗಿ ಇವಳ ಓದೂ ಹೋಯಿತು, ಮದುವೆಯೂ ಹೋಯಿತು ಎಂದು ನನಗೆ ನಿಜವಾಗಿಯೂ ಅಳು ಬಂತು.

ನೀಲವ್ವ ತುರುಬನ್ನು ಹಿಚುಕಿದಳು. ಒಳಗೆ ಮೆತ್ತಗೆ, ತಣ್ಣಗೆ ಏನೋ ಸಿಕ್ಕಿ ಕೈ ಹಿಂದೆಗೆದುಕೊಂಡಳು. ಮತ್ತೆ ಬಗ್ಗಿ ನೋಡಿದಾಗ ದಾರದ ತುದಿ ಕಂಡಿತು. ಎರಡು ಬೆರಳಿನಲ್ಲಿ ಹಿಡಿದು ಎಳೆದಳು. ಗಂಟಿಲ್ಲದ ಹೊಲಿಗೆ ಸರ್ರನೆ ಬಿಚ್ಚಿಕೊಂಡಿತು. ಸಿಂಬಿ ಥಪ್ಪೆಂದು ಅವಲಕ್ಕಿಯ ತಾಟಿನಲ್ಲಿ ಬಿತ್ತು. ಅದರ ಹಿಂದೆ ಸುಮಿತ್ರಾಳ ಕೂದಲು, ಹಿಟ್ಟು ಚೆಲ್ಲುತ್ತ, ಬೆನ್ನು ದಾಟಿ, ಸೊಂಟ ದಾಟಿ, ಮಣೆಯ ಮೇಲೆ ಹರಡಿಕೊಂಡಿತು.

ಮೊದಲು ಮಾತಾಡಿದವಳು ಗಂಗವ್ವ. "ಸಿಕ್ತಲ್ರಿ ಅಕ್ಕಾರ ನಿಮ್ಮ ಸಿಂಬಿ," ಎಂದಳು, ಬಹಳ ಮೃದುವಾಗಿ.

ನೀಲವ್ವ ಸಿಂಬಿಯನ್ನು ನೋಡಿದಳು, ಕೂದಲನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. "ಇಷ್ಟು ಕೂದಲಾ ಇದ್ದಾಕಿ ತಲ್ಯಾಗ ಅರಿವಿ ಯಾಕ ತುರುಕಿದಿ, ತಂಗಿ? ಕೂದಲಾ ಇಲ್ಲದಾಕಿ ತುರಕೋಬೇಕು."

ನನಗೆ ಚಿಕ್ಕಮ್ಮನ ಮಗಳ ಇಲಿಬಾಲದಂಥ ಜಡೆ ಆಗ ನೆನಪಾಯಿತು. ಆರಂಭ ನೋಡಿದ್ದೆ, ಮುಕ್ತಾಯ ನೋಡಿದ್ದೆ. ಆ ಹುಡುಗಿಗೆ ತುಂಬುವ ಅಗತ್ಯ ಯಾಕಿತ್ತು ಎಂದು ಮಾತ್ರ ವಿಚಾರ ಮಾಡಿರಲಿಲ್ಲ.

ನೀಲವ್ವನಿಗೆ ಉತ್ತರ ಕೊಟ್ಟವಳು ಸುಮಿತ್ರಾ. ಅವಳು ಎದ್ದು ನಿಂತು, ಬಿಚ್ಚಿದ ಕೂದಲನ್ನು ಹಿಂದೆ ಕೈಯಿಂದಲೇ ಒಂದು ಗಂಟು ಹಾಕಿದಳು. ಆ ಗಂಟು, ಹೊಟ್ಟೆಕಿಚ್ಚಿಲ್ಲದೆ ಹೇಳುತ್ತೇನೆ, ನಾನು ಬೆಳಗಿನಿಂದ ಕಟ್ಟಿದ್ದಕ್ಕಿಂತ ಚಂದ ಕೂತಿತು.

"ವೈನಿ ನನ್ನ ಮ್ಯಾಲಿನ ಅಕ್ಕರತಿಗಿ ಮಾಡ್ಯಾರ್ರಿ," ಎಂದು ನೀಲವ್ವನಿಗೆ ಹೇಳಿದಳು. "ತಪ್ಪ ತಿಳಕೋಬ್ಯಾಡ್ರಿ. ಈಗ ನಳ ಹೋಗತೈತಿ. ನೀರ ಇಲ್ಲಂದ್ರ ನಿಮಗ ಕೈ ತೊಳ್ಯಾಕ ಏನ ಕೊಡೂದು?"

ತಾಟಿನಿಂದ ಸಿಂಬಿ ಎತ್ತಿ, ಅಂಟಿದ್ದ ಅವಲಕ್ಕಿ ಕೊಡವಿ, ಅದನ್ನು ತಲೆಯ ಮೇಲಿಟ್ಟುಕೊಂಡಳು. ಅತ್ತೆಯ ಕೈಯಿಂದ ಕೊಡ ತೆಗೆದುಕೊಂಡು, "ನಡೀರಿ ಕಾಕಿ," ಎಂದು ಗಂಗವ್ವನನ್ನು ಕರೆದುಕೊಂಡು ರೇಶ್ಮೆ ಸೀರೆಯಲ್ಲೇ ಹೊರಟುಹೋದಳು.

ಮಾಸ್ತರ ಬಾಗಿಲಿನ ಕಡೆಯೇ ನೋಡುತ್ತಿದ್ದ. ಬಂದಾಗಿನಿಂದ ಬಾಯಿ ಬಿಡದಿದ್ದ ಅವನು ಈಗ ಗಂಟಲು ಸರಿಮಾಡಿಕೊಂಡು, "ಅತ್ತಿ, ನನಗ ಒಪ್ಪಿಗಿ ಐತಿ," ಎಂದ.

"ನಿನ್ನ ಯಾರ ಕೇಳ್ಯಾರ?" ಎಂದಳು ನೀಲವ್ವ. ಆದರೆ ಅವಳ ಸೆರಗು ಬಾಯಿಯ ಹತ್ತಿರ ಹೋಗಿತ್ತು. ಸುಮಿತ್ರಾ ತುಂಬಿದ ಕೊಡ ಹೊತ್ತು ತಿರುಗಿ ಬರುವವರೆಗೂ ಆ ಸೆರಗು ನಗೆಗೆ ಅಲುಗಾಡುತ್ತಲೇ ಇತ್ತು.

ಮುಂದೆ ಮಾತುಕತೆಗೆಂದು ಎರಡೂ ಕಡೆಯ ಹಿರಿಯರು ಕೂಡಿದರು. ಸುಮಿತ್ರಾಳನ್ನು ಓದಿಸುವ ಮಾತನ್ನು ಮಾಸ್ತರ ಎಲ್ಲರ ಮುಂದೆ ಇನ್ನೊಮ್ಮೆ ಹೇಳಿದ. ಉಡುಗೊರೆಯ ಬಗ್ಗೆ, ಊಟದ ಬಗ್ಗೆ, ಬಾಜಾ ಬಜಂತ್ರಿಯ ಬಗ್ಗೆ ಪ್ರತಿಯೊಂದಕ್ಕೂ ನಮ್ಮ ಕಡೆಯವರು ಎಳೆದಾಡಿದರು, ಅವರ ಕಡೆಯವರೂ ಬಿಟ್ಟುಕೊಡಲಿಲ್ಲ. ಎಲ್ಲ ಮುಗಿಯಿತು ಎನ್ನುವಾಗ ನೀಲವ್ವ ತನ್ನದೊಂದು ಕರಾರು ಇದೆ ಎಂದಳು. ಸಭೆ ಕಿವಿಗೊಟ್ಟಿತು.

"ಮದುವಿ ದಿವಸ ನಿಮ್ಮ ಸೊಸಿ ಹುಡುಗಿ ತಲಿ ಮುಟ್ಟಬಾರದು."

ಆ ಒಂದು ಕರಾರಿಗೆ ನಮ್ಮ ಕಡೆಯಿಂದ ಒಬ್ಬರೂ ಚೌಕಾಸಿ ಮಾಡಲಿಲ್ಲ. ಅತ್ತೆ ಕೂಡಲೇ ತಲೆಯಾಡಿಸಿದರು. ಗಂಗವ್ವ ಗೋಡೆಯ ಆಚೆಯಿಂದಲೇ ಒಪ್ಪಿಗೆ ಕೊಟ್ಟಳು. ನನ್ನ ಪರವಾಗಿ ಒಂದು ಮಾತಾದರೂ ಬರುತ್ತದೇನೋ ಎಂದು ನಾನು ನಮ್ಮ ಮನೆಯವರ ಮುಖ ನೋಡಿದೆ. ಅವರು ಎದ್ದು ನಿಂತು, ಎರಡೂ ಕೈ ಜೋಡಿಸಿ, "ಆ ಜವಾಬ್ದಾರಿ ನಂದರಿ," ಎಂದರು.